ತವರ ತಾನಾಗಿ ಹರಿಯುವ ಗಳಿಗೆ

ಒಳ್ಳೆಯ ಬೆಸುಗೆ ಜೋಳದ ಕಾಳಿಗಿಂತ ಚಿಕ್ಕದು. ಬರಿಗಣ್ಣಿಗೆ ಅದು ಎಲೆಕ್ಟ್ರಾನಿಕ್ ಬೋರ್ಡಿನ ಮೇಲಿನ ಒಂದು ಬೆಳ್ಳಿಚುಕ್ಕೆ, ಅಷ್ಟೇ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಮಸೂರ ಇಟ್ಟು ನೋಡಬೇಕು, ಆಗ ಅದರ ಚೆಲುವು ತೆರೆದುಕೊಳ್ಳುತ್ತದೆ. ತವರ ತಂತಿಯ ಮೈ ಹಿಡಿದು ಮೇಲೇರಿರುತ್ತದೆ. ಕೆಳಗೆ ತಾಮ್ರದ ಅಂಚಿನ ಕಡೆ ಇಳಿಯುತ್ತ ಇಳಿಯುತ್ತ ತೆಳ್ಳಗಾಗಿ, ಎಲ್ಲಿ ತವರ ಮುಗಿಯಿತು ಎಲ್ಲಿ ತಾಮ್ರ ಶುರುವಾಯಿತು ಎಂದು ಹೇಳಲಾಗದ ಹಾಗೆ ಲೀನವಾಗಿರುತ್ತದೆ. ಇಳಿಜಾರು ಒಳಕ್ಕೆ ಬಾಗಿರುತ್ತದೆ. ತಂತಿಯ ಎಳೆಗಳ ಗೆರೆ ಹೊದಿಕೆಯ ಮೇಲಿಂದಲೂ ತಿಳಿಯುತ್ತದೆ. ಈ ಬಾಗು ನೋಡಿ ಒಳಗಿನ ಕೂಡಿಕೆ ಗಟ್ಟಿಯೋ ಪೊಳ್ಳೋ ಹೇಳಬಹುದು. ಗುಂಡಗೆ ಉಬ್ಬಿ ನಿಂತಿದ್ದರೆ ತವರ ತಾಮ್ರವನ್ನು ಒಪ್ಪಿಕೊಂಡಿಲ್ಲ, ಮೇಲೆ ಸುಮ್ಮನೆ ಕೂತಿದೆ ಎಂದರ್ಥ. ಚೆಲುವು ಮತ್ತು ಬಾಳಿಕೆ ಒಂದೇ ಗೆರೆಯಲ್ಲಿ ಬರೆದುಕೊಂಡಿರುವ ಇಂಥ ಕೆಲಸ ನಾನು ಹೆಚ್ಚು ಕಂಡಿಲ್ಲ.

ನಾನು ಇದನ್ನು ನೋಡಲು ಕಲಿತದ್ದು ಅಥಣಿ ಕಡೆಯ ಕೊಕಟನೂರಿನಲ್ಲಿ, ನಮ್ಮ ಅಣ್ಣನ ಮಗನ ಮೇಜಿನ ಮುಂದೆ ಕೂತು. ಅವನು ಮನೆಯಲ್ಲೇ ಗೇಮಿನ ಜಾಯ್‌ಸ್ಟಿಕ್ ಪೆಟ್ಟಿಗೆ ಕಟ್ಟುತ್ತಾನೆ. ಕಬ್ಬಿನ ಕೆಲಸ ಸಡಿಲಾದ ದಿನಗಳಲ್ಲಿ ಹಳೆಯ ಗೇಮ್ ಕಂಟ್ರೋಲರ್ ಬಿಚ್ಚಿ, ಒಳಗಿನ ಬೋರ್ಡಿಗೆ ತಂತಿ ಬೆಸೆದು, ಆ ತಂತಿಗಳನ್ನು ದೊಡ್ಡ ಬಟನ್ನು ಮತ್ತು ಉದ್ದ ಹಿಡಿಕೆಗೆ ಒಯ್ದು ಕೂಡಿಸುತ್ತಾನೆ. ಮೊಣಕಾಲ ಮೇಲೆ ಇಟ್ಟುಕೊಂಡು ಆಡಬಹುದಾದ ಕಟ್ಟಿಗೆಯ ಪೆಟ್ಟಿಗೆ. ಒಂದು ಕಾಲಕ್ಕೆ ಪೇಟೆಯ ವಿಡಿಯೊ ಗೇಮ್ ಅಂಗಡಿಗಳಲ್ಲಿ ರೂಪಾಯಿ ನಾಣ್ಯ ಹಾಕಿ, ನಿಂತು, ಬೆವರಿ ಆಡುತ್ತಿದ್ದ ಯಂತ್ರದ ಕೈಗಳನ್ನಷ್ಟೇ ಕತ್ತರಿಸಿ ಮನೆಗೆ ತಂದಂತಾಯಿತು.

ಆ ಅಂಗಡಿಗಳನ್ನು ಕಂಡ ತಲೆಮಾರಿಗೆ ಒಂದು ಹೆಸರು ಸಾಕು: ಮುಸ್ತಫಾ ಗೇಮ್. ಜಪಾನಿನ ಕ್ಯಾಪ್ಕಾಮ್ ಕಂಪನಿ 1993ರಲ್ಲಿ ಹೊರತಂದ ಆ ಆಟದ ನಿಜವಾದ ಹೆಸರು ‘ಕ್ಯಾಡಿಲ್ಯಾಕ್ಸ್ ಆ್ಯಂಡ್ ಡೈನೋಸಾರ್ಸ್’. ಭಾರತದ ಹುಡುಗರು ನಾಲ್ವರು ನಾಯಕರಲ್ಲಿ ಮುಸ್ತಫಾನನ್ನು ತಮ್ಮವನೆಂದು ಆರಿಸಿಕೊಂಡರು, ಆಟಕ್ಕೇ ಅವನ ಹೆಸರಿಟ್ಟರು. ಹೊಡೆಯಲು ಒಂದು ಬಟನ್ನು, ಜಿಗಿಯಲು ಒಂದು, ಎರಡೂ ಒಮ್ಮೆಗೇ ಒತ್ತಿದರೆ ಸುತ್ತಲಿನವರೆಲ್ಲ ಉರುಳುವ ಪೆಟ್ಟು. ಎರಡೇ ಬಟನ್ನಿನ ಆಟ ಅಷ್ಟೊಂದು ಹಿಡಿದಿಟ್ಟದ್ದಕ್ಕೆ ಕಾರಣ ಎಡಗೈಯಲ್ಲಿದ್ದ ಹಿಡಿಕೆ. ಅದು ಬಗ್ಗುತ್ತಿತ್ತು, ಟಕ್ ಎನ್ನುತ್ತಿತ್ತು, ಪೆಟ್ಟು ತಾಗಿದ್ದು ಅಂಗೈಗೆ ಗೊತ್ತಾಗುತ್ತಿತ್ತು. ಇವತ್ತಿನ ಫೋನಿನ ಗಾಜಿನ ಮೇಲೆ ಬೆರಳು ಜಾರಿಸಿ ಆಡುವವರಿಗೆ ಆ ಸುಖ ಸಿಕ್ಕಿಲ್ಲ.

ಮನೆಯ ಟಿವಿಗೆ ಹಚ್ಚುವ ಆಟಗಳೂ ಅದೇ ಹೊತ್ತಿಗೆ ಬಂದವು. ಲಿಟಲ್ ಮಾಸ್ಟರ್, ಮೀಡಿಯಾ ಎಂಬ ಹೆಸರಿನ ಪೆಟ್ಟಿಗೆಗಳು. ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ನಮ್ಮ ಹುಡುಗ ಮೊದಲು ಬೆಸುಗೆ ಕಲಿತದ್ದು ಅಂಥದ್ದೊಂದರ ಕಂಟ್ರೋಲರಿನ ಮೇಲೆ, ಮತ್ತು ಕಲಿಯಲು ಅದಕ್ಕಿಂತ ಒಳ್ಳೆಯ ಬೋರ್ಡು ಇಲ್ಲವೆಂದು ಈಗ ನನಗೂ ಅನಿಸುತ್ತದೆ. ಒಟ್ಟು ಎಂಟು ಬಟನ್ನು: ನಾಲ್ಕು ದಿಕ್ಕು, ಎ, ಬಿ, ಸೆಲೆಕ್ಟ್, ಸ್ಟಾರ್ಟ್. ನಿಂಟೆಂಡೊದ ಮೂಲ ಕಂಟ್ರೋಲರಿನಲ್ಲಿ 4021 ಎಂಬ ಒಂದೇ ಚಿಪ್ಪು ಈ ಎಂಟರ ಸ್ಥಿತಿಯನ್ನು ಒಮ್ಮೆಗೇ ಹಿಡಿದಿಟ್ಟುಕೊಂಡು, ಒಂದಾದ ಮೇಲೊಂದರಂತೆ ಒಂದೇ ತಂತಿಯ ಮೇಲೆ ಯಂತ್ರಕ್ಕೆ ಒಪ್ಪಿಸುತ್ತದೆ. ಸೆಕೆಂಡಿಗೆ ಅರವತ್ತು ಸಲ ಈ ವರದಿ. ನಕಲುಗಳಲ್ಲಿ ಆ ಚಿಪ್ಪಿನ ಜಾಗದಲ್ಲಿ ಒಂದು ಕಪ್ಪು ಅಂಟಿನ ಹನಿ ಇರುತ್ತದೆ, ಸಿಲಿಕಾನಿನ ಚೂರನ್ನು ಅದರೊಳಗೆ ಹೂತಿರುತ್ತಾರೆ. ಆ ಹನಿಯ ತಂಟೆಗೆ ಹೋಗಬಾರದು. ನಮ್ಮ ಕೆಲಸವೆಲ್ಲ ಅದರಿಂದ ಹೊರಟ ದಾರಿಗಳ ಮೇಲೆ.

ಕಂಟ್ರೋಲರಿನ ನಾಲ್ಕೈದು ತಿರುಪು ಬಿಚ್ಚಿ ರಬ್ಬರಿನ ಹಾಳೆ ಎತ್ತಿದರೆ ಬೋರ್ಡು ಕಾಣುತ್ತದೆ. ಅಗ್ಗದವು ಕಂದು ಬಣ್ಣದ ಕಾಗದ ಮತ್ತು ರಾಳ ಒತ್ತಿ ಮಾಡಿದ ಹಲಗೆ; ಮೇಲ್ತರದವು ಗಾಜಿನ ನಾರಿನವು. ಪ್ರತಿ ಬಟನ್ನಿನ ಕೆಳಗೆ ಎರಡು ಬಾಚಣಿಗೆ ಎದುರುಬದುರು ಹಲ್ಲು ಹೊಗಿಸಿಕೊಂಡಂಥ ಕಪ್ಪು ಗೆರೆಗಳು. ಅದು ಇಂಗಾಲದ ಶಾಯಿ. ರಬ್ಬರಿನ ತಳದಲ್ಲಿರುವ ಕಪ್ಪು ಬಿಲ್ಲೆ ಬಂದು ಕೂತಾಗ ಎರಡೂ ಬದಿ ಸೇರುತ್ತವೆ, ಬಟನ್ನು ಒತ್ತಿದಂತಾಗುತ್ತದೆ. ಇಂಗಾಲಕ್ಕೆ ತವರ ಹತ್ತುವುದಿಲ್ಲ, ಎಷ್ಟು ಕಾಯಿಸಿದರೂ ಹತ್ತುವುದಿಲ್ಲ. ಅದನ್ನು ಕೆರೆದು ಕೆಳಗಿನ ತಾಮ್ರವನ್ನು ಹೊರತರಬೇಕು.

ಈ ಕೆರೆಯುವ ಕೆಲಸ ನೋಡಲು ನನಗೆ ಬಹಳ ಇಷ್ಟ. ಸಣ್ಣ ಚಾಕುವಿನ ತುದಿಯನ್ನು ಮಲಗಿಸಿ, ಒತ್ತಡವಿಲ್ಲದೆ, ಒಂದೇ ದಿಕ್ಕಿನಲ್ಲಿ. ಮೊದಲು ಕಪ್ಪು ಪುಡಿ ಏಳುತ್ತದೆ, ಆಮೇಲೆ ಮಂಕು ಕಂದು, ಆಮೇಲೆ ಇದ್ದಕ್ಕಿದ್ದಂತೆ ಗುಲಾಬಿ ಹೊಳಪು. ಹಸಿ ತಾಮ್ರದ ಆ ಬಣ್ಣ ಬಹಳ ಹೊತ್ತು ಉಳಿಯುವುದಿಲ್ಲ, ಗಾಳಿ ಅದನ್ನು ತಿನ್ನಲು ಶುರುಮಾಡಿರುತ್ತದೆ. ಸಾಮಾನ್ಯ ಬೋರ್ಡಿನಲ್ಲಿ ಈ ತಾಮ್ರದ ಪದರದ ದಪ್ಪ 35 ಮೈಕ್ರೊಮೀಟರು, ಮಿಲಿಮೀಟರಿನ ಇಪ್ಪತ್ತೆಂಟರಲ್ಲಿ ಒಂದು ಪಾಲೂ ಸರಿಯಾಗಿ ಇಲ್ಲ. ಚಾಕು ಒಂದಿಷ್ಟು ಆಳಕ್ಕೆ ಹೋದರೆ ದಾರಿಯೇ ಹರಿದು ಹೋಯಿತು. ಅದಕ್ಕೇ ಕೈಯ ಭಾರವನ್ನೆಲ್ಲ ಮಣಿಕಟ್ಟಿನಲ್ಲೇ ತಡೆದು, ತುದಿಗೆ ಬರೀ ಸ್ಪರ್ಶವನ್ನು ಕಳಿಸಬೇಕು. ಕಬ್ಬು ಕಡಿಯುವ ಕೈಗೆ ಇಷ್ಟು ಹಗುರ ಬರುತ್ತದೆಂದು ನಾನು ತಿಳಿದಿರಲಿಲ್ಲ.

ಮುಂದೆ ರಾಳ. ಪೈನ್ ಮರದ ಅಂಟಿನಿಂದ ತೆಗೆದ ರೋಸಿನ್. ಪಿಟೀಲಿನ ಕಮಾನಿಗೆ ಉಜ್ಜುವುದೂ ಇದನ್ನೇ. ತಣ್ಣಗಿದ್ದಾಗ ಇದು ಗಾಜಿನಂಥ ಜಡ ವಸ್ತು, ಯಾರ ಗೊಡವೆಗೂ ಹೋಗದು. ಕಾದು ಕರಗಿದಾಗ ಇದರೊಳಗಿನ ಆಮ್ಲ ಎಚ್ಚರವಾಗಿ, ತಾಮ್ರದ ಮೇಲೆ ಗಾಳಿ ಕಟ್ಟಿದ ಪೊರೆಯನ್ನು ಕರಗಿಸಿ ಬದಿಗೆ ಸರಿಸುತ್ತದೆ. ಕೆಲಸ ಮುಗಿದು ತಣಿದ ಮೇಲೆ ಮತ್ತೆ ಜಡ. ಬೇಕಾದ ಹೊತ್ತಿಗೆ ಮಾತ್ರ ಕಟುವಾಗುವ ಈ ಗುಣವೇ ಅದನ್ನು ನಾಜೂಕಿನ ಕೆಲಸಕ್ಕೆ ಯೋಗ್ಯ ಮಾಡಿದ್ದು. ಅದರ ಹೊಗೆಯಲ್ಲಿ ಕಾಡಿನ ವಾಸನೆ ಇರುತ್ತದೆ. ಇಷ್ಟಪಟ್ಟು ಎಳೆದುಕೊಳ್ಳುವಂಥದ್ದಲ್ಲ, ದಿನವೂ ಕುಡಿದರೆ ಉಬ್ಬಸ ಹಿಡಿಯುತ್ತದೆ. ಅವನ ಮೇಜಿನ ಬದಿಗೆ ಸದಾ ಒಂದು ಸಣ್ಣ ಫ್ಯಾನು ತಿರುಗುತ್ತಿರುತ್ತದೆ.

ಇನ್ನು ಬೆಸುಗೆ. ಸೋಲ್ಡರಿಂಗ್ ಐರನ್ನಿನ ಬಿಟ್ಟಿಗೆ, ಅಂದರೆ ಕಾಯುವ ಮೂತಿಗೆ, ತವರ ಹಚ್ಚಿ ಅದನ್ನು ತಂದು ಜಾಗದ ಮೇಲೆ ಮೆತ್ತುವುದೇ ಕೆಲಸವೆಂದು ನೋಡುವವರಿಗೆ ತೋರುತ್ತದೆ. ನಾನೂ ಹಾಗೇ ಕೈ ಹಾಕಲು ಹೋದಾಗ ಅವನು ಅಂದ: “ಕಾಕಾ, ತವರಕ್ಕ ಬೆಂಕಿ ತೋರಸಬ್ಯಾಡ್ರಿ. ತಾಮ್ರ ಕಾಯಸ್ರಿ. ಅದು ಕಾದ್ರ ತವರ ತಾನ ಬರ್ತೈತಿ.”

ಇಡೀ ವಿದ್ಯೆ ಆ ಮಾತಿನಲ್ಲಿದೆ. ಬಿಟ್ಟಿನ ತುದಿಯನ್ನು ತಂತಿಗೂ ತಾಮ್ರಕ್ಕೂ ಒಟ್ಟಿಗೆ ತಾಗುವಂತೆ ಇಟ್ಟು ಒಂದು ಉಸಿರು ಕಾಯಬೇಕು. ಆಮೇಲೆ ತವರದ ಎಳೆಯನ್ನು ಬಿಟ್ಟಿನ ಆಚೆ ಬದಿಗೆ, ಕಾದ ತಾಮ್ರಕ್ಕೆ ಮುಟ್ಟಿಸಬೇಕು. ಒಂದು ಕ್ಷಣ ಅದು ಹಾಗೇ ನಿಲ್ಲುತ್ತದೆ. ಆಮೇಲೆ ತುದಿ ಕರಗಿ ಕನ್ನಡಿಯಾಗುತ್ತದೆ, ಆ ಕನ್ನಡಿ ತಾಮ್ರದ ಮೇಲೆ ಓಡುತ್ತದೆ, ತಂತಿಯ ಎಳೆಗಳ ನಡುವೆ ನುಸುಳುತ್ತದೆ, ಕೆರೆದ ಜಾಗದ ಅಂಚು ಬಂದಾಗ ಯಾರೂ ಹೇಳದೆ ನಿಲ್ಲುತ್ತದೆ. ತವರ ತೆಗೆ, ಬಿಟ್ಟು ತೆಗೆ, ಅಲುಗಾಡಬೇಡ. ಎಲ್ಲ ಸೇರಿ ಎರಡು ಮೂರು ಸೆಕೆಂಡು. ಆ ಓಟವನ್ನು ಮಸೂರದೊಳಗಿಂದ ನೋಡಿದವರಿಗೆ ಮತ್ತೆ ಮತ್ತೆ ನೋಡಬೇಕೆನಿಸುತ್ತದೆ.

ಒಳಗೆ ಏನಾಯಿತು ಎಂದು ತಿಳಿದರೆ ರುಚಿ ಇನ್ನೂ ಹೆಚ್ಚು. ತವರ ಒಂದೇ ಇದ್ದರೆ 232 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಸೀಸ 327ಕ್ಕೆ. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಕೂಡಿಸಿದರೆ ಎರಡಕ್ಕಿಂತಲೂ ಕೆಳಗೆ, 183 ಡಿಗ್ರಿಗೆ ಕರಗುತ್ತದೆ. ಈ ಪ್ರಮಾಣದ ವಿಶೇಷವೆಂದರೆ ನಡುವೆ ಗಂಜಿಯಂಥ ಸ್ಥಿತಿಯೇ ಇಲ್ಲ; ನೀರಾಗಿತ್ತು, ಕಲ್ಲಾಯಿತು. 60–40ರ ತಂತಿಯಲ್ಲಿ ಮಾತ್ರ ಕೆಲವು ಡಿಗ್ರಿಗಳ ಕಾಲ ಅರೆಗಟ್ಟಿ ಇರುತ್ತದೆ, ಆಗ ಕೈ ನಡುಗಿದರೆ ಬೆಸುಗೆ ಹರಳುಗಟ್ಟಿ ಕೆಡುತ್ತದೆ. ಇನ್ನು ತಾಮ್ರ ಕರಗುವುದು 1,085 ಡಿಗ್ರಿಗೆ, ಇಷ್ಟು ಸಣ್ಣ ಶಾಖಕ್ಕೆ ಅದು ಜಗ್ಗುವುದಿಲ್ಲ. ಆದರೂ ದ್ರವ ತವರ ಅದರ ಮೇಲ್ಮೈಯನ್ನು ಸ್ವಲ್ಪ ತನ್ನೊಳಗೆ ಬಿಟ್ಟುಕೊಳ್ಳುತ್ತದೆ. ಆರು ತಾಮ್ರದ ಪರಮಾಣುವಿಗೆ ಐದು ತವರದ ಪರಮಾಣು ಸೇರಿ, ಎರಡೂ ಅಲ್ಲದ ಮೂರನೆಯದೊಂದು ಪದರ ಹುಟ್ಟುತ್ತದೆ. ಅದರ ದಪ್ಪ ಒಂದೆರಡು ಮೈಕ್ರೊಮೀಟರು. ಹಿಡಿದಿಟ್ಟಿರುವುದು ಆ ಪದರ. ಹೆಚ್ಚು ಹೊತ್ತು ಕಾಯಿಸಿದರೆ ಅದು ದಪ್ಪವಾಗಿ ಗಡುಸಾಗಿ ಮುರಿಯುವ ಸ್ವಭಾವ ತಾಳುತ್ತದೆ. ಬೋರ್ಡಿಗೆ ತಾಮ್ರ ಅಂಟಿಸಿದ ಗೋಂದೂ ಸಡಿಲಾಗಿ ತಾಮ್ರ ಮೇಲೇಳುತ್ತದೆ. ಕಡಿಮೆಯಾದರೆ ಪದರವೇ ಹುಟ್ಟುವುದಿಲ್ಲ. ಆ ಎರಡು ಮೂರು ಸೆಕೆಂಡಿನ ಅಳತೆ ಗಡಿಯಾರದಿಂದ ಬರುವುದಲ್ಲ, ತವರ ಓಡುವ ರೀತಿಯನ್ನು ಓದಿ ಕೈ ತಾನೇ ನಿರ್ಧರಿಸುತ್ತದೆ.

ನಮ್ಮ ಸೀಮೆಗೆ ಈ ವಿದ್ಯೆ ಹೊಸದೇನಲ್ಲ, ಬೋರ್ಡು ಹೊಸದು. ಹಿತ್ತಾಳೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ಓಣಿಗೆ ಬಂದು ನೆಲದಲ್ಲಿ ಕುಣಿ ತೋಡಿ ತಿದಿ ಹೂಡುತ್ತಿದ್ದರು. ಪಾತ್ರೆ ಕೆಂಪಗೆ ಕಾದಾಗ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಭುಗ್ಗೆಂದು ಏಳುತ್ತಿತ್ತು, ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳುದಿಂಗಳು. ನವಸಾಗರ ಅಲ್ಲಿ ಮಾಡುತ್ತಿದ್ದುದನ್ನೇ ಇಲ್ಲಿ ರಾಳ ಮಾಡುತ್ತದೆ. ನಿಪ್ಪಾಣಿ ದಾಟಿದರೆ ಕೊಲ್ಹಾಪುರ ಜಿಲ್ಲೆಯ ಹುಪರಿ ಹತ್ತಿರ. ಅಲ್ಲಿ ಬೆಳ್ಳಿಯ ಕಾಲ್ಗೆಜ್ಜೆಗಳ ಸಣ್ಣ ಸಣ್ಣ ಕೊಂಡಿಗಳನ್ನು ಬಿಳಿಗಾರ ಹಚ್ಚಿ ಬೆಸೆಯುತ್ತಾರೆ. ಬೆಳ್ಳಿ ಕರಗುವುದು 962 ಡಿಗ್ರಿಗೆ, ಬೆಸುಗೆಯ ಮಿಶ್ರಲೋಹ ಅದಕ್ಕಿಂತ ಕೆಳಗೆ ಕರಗಬೇಕು, ಜ್ವಾಲೆ ಆ ಎರಡರ ನಡುವಿನ ಸಣ್ಣ ಸಂದಿನಲ್ಲಿ ಆಡಬೇಕು. ಬಿಳಿಗಾರವಾಗಲಿ ನವಸಾಗರವಾಗಲಿ ಎಲೆಕ್ಟ್ರಾನಿಕ್ ಬೋರ್ಡಿಗೆ ಬೇಡ. ನವಸಾಗರದ ಉಳಿಕೆ ತೇವ ಹೀರಿ ತೆಳು ತಾಮ್ರವನ್ನು ತಿಂದುಬಿಡುತ್ತದೆ. ಆದರೆ ಮೂವರ ಕಣ್ಣೂ ಕಾಯುವುದು ಒಂದನ್ನೇ, ಲೋಹ ಲೋಹವನ್ನು ಒದ್ದೆ ಮಾಡುವ ಆ ಕ್ಷಣವನ್ನು.

ಕೊಕಟನೂರಿನಲ್ಲಿ ಈ ಕೆಲಸಕ್ಕೆ ಇನ್ನೊಂದು ಸೂಕ್ಷ್ಮ ಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗೆ ಅದರ ಅಗತ್ಯ ಅಷ್ಟಾಗಿ ಬೀಳದು. ಅವನದು 25 ವ್ಯಾಟಿನ ಸಾದಾ ಐರನ್, ಶಾಖ ನಿಯಂತ್ರಿಸುವ ಗುಂಡಿ ಇಲ್ಲ. ಸುತ್ತಲಿನ ಹೊಲಗಳಲ್ಲಿ ಪಂಪುಸೆಟ್ಟುಗಳು ಒಟ್ಟಿಗೆ ಎದ್ದವೆಂದರೆ ಮನೆಯ ವೋಲ್ಟೇಜು ಇಳಿಯುತ್ತದೆ. 230 ಇದ್ದದ್ದು 180ಕ್ಕೆ ಇಳಿದರೆ ಶಕ್ತಿ ಐದರಲ್ಲಿ ಒಂದು ಪಾಲು ಕಡಿಮೆಯಾದೀತು ಎನಿಸುತ್ತದೆ. ಆದರೆ ಶಕ್ತಿ ಹೋಗುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ, 25 ವ್ಯಾಟು 15ಕ್ಕೆ ಬಂದುಬಿಡುತ್ತದೆ. ಬಿಟ್ಟು ಮಂಕಾಗುತ್ತದೆ, ತವರ ಓಡುವ ಬದಲು ತೆವಳುತ್ತದೆ. ಒದ್ದೆ ಸ್ಪಂಜಿಗೆ ಒರೆಸಿದಾಗ ಬರುವ ಚುಂಯ್ ಸದ್ದಿನ ಮೇಲೆ ಅವನು ಶಾಖ ಅಳೆಯುತ್ತಾನೆ. ಸದ್ದು ಸಪ್ಪಗಾದರೆ ಐರನ್ ಕೆಳಗಿಟ್ಟು ಕಟ್ಟಿಗೆಯ ಕೆಲಸ ಹಿಡಿಯುತ್ತಾನೆ. ರಾತ್ರಿ ವೋಲ್ಟೇಜು ಏರಿದಾಗ ಅದೇ ಐರನ್ ಸಿಡುಕುತ್ತದೆ, ರಾಳ ತನ್ನ ಕೆಲಸ ಮಾಡುವ ಮೊದಲೇ ಸುಟ್ಟು ಕಪ್ಪಾಗುತ್ತದೆ. ನಿಯಂತ್ರಣವಿರುವ ಸ್ಟೇಷನ್ ಕೊಳ್ಳು ಎಂದು ನಾನು ಹೇಳುತ್ತಲೇ ಇದ್ದೇನೆ, ಕೊಂಡರೆ ಒಳ್ಳೆಯದೇ. ಆದರೂ ಸದ್ದಿನಿಂದ ಶಾಖ ತಿಳಿಯುವ ಈ ಕಿವಿಯನ್ನು ನಾನು ಮೆಚ್ಚುತ್ತೇನೆ.

ರಿಪೇರಿಯವರೆಲ್ಲ ಹೆದರುವ ಹೆಸರು ಡ್ರೈ ಸೋಲ್ಡರ್. ಮೇಲೆ ಕೂಡಿದಂತಿದ್ದು ಒಳಗೆ ಬಿರಿದ ಬೆಸುಗೆ. ಟಿವಿ ಬಡಿದರೆ ಚಿತ್ರ ಬರುತ್ತಿದ್ದ ಕಾಲದಲ್ಲಿ ಎಷ್ಟೋ ಸಲ ರೋಗ ಇದೇ ಇರುತ್ತಿತ್ತು. ಹೊಳೆದರೆ ಒಳ್ಳೆಯದು, ಮಂಕಾದರೆ ಕೆಟ್ಟದ್ದು ಎಂಬ ಹಳೆಯ ನಿಯಮ ಈಗ ಪೂರ್ತಿ ನಡೆಯುವುದಿಲ್ಲ. ಯುರೋಪು 2006ರ ಜುಲೈ 1ರಿಂದ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಕಾರ್ಖಾನೆಯ ಬೋರ್ಡುಗಳಲ್ಲಿ ತವರ, ಬೆಳ್ಳಿ, ತಾಮ್ರದ ಮಿಶ್ರಣ ಬಂತು. ಅದು ಕರಗುವುದು 217 ಡಿಗ್ರಿಯ ಮೇಲೆ, ಮತ್ತು ಆರೋಗ್ಯವಾಗಿದ್ದಾಗಲೂ ಕೊಂಚ ಮಾಸಿದಂತೆ, ಮರಳು ಮರಳಾಗಿ ಕಾಣುತ್ತದೆ. ಹೊಳಪನ್ನು ಬಿಟ್ಟು ಆಕಾರ ನೋಡಬೇಕು. ಒಳಬಾಗು ಇದೆಯೇ, ಅಂಚು ತೆಳ್ಳಗೆ ಸೇರಿದೆಯೇ, ಅಷ್ಟು. ಮನೆಯಲ್ಲಿ ಬಳಸುವ ಸೀಸದ ತಂತಿ ಈ ಶಾಖಕ್ಕೆ ಆವಿಯಾಗುವುದಿಲ್ಲ, ಆದರೆ ಬೆರಳಿಗೆ ಹತ್ತುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಅವನು ರೊಟ್ಟಿ ಮುಟ್ಟುವುದಿಲ್ಲ, ಮಕ್ಕಳನ್ನು ಮೇಜಿನ ಹತ್ತಿರ ಬಿಡುವುದೂ ಇಲ್ಲ.

ತಂತಿ ಎಳೆಯುವ ಬಗೆಯಲ್ಲೂ ಸೊಗಸಿದೆ. ಒಳ್ಳೆಯ ಕಂಟ್ರೋಲರ್ ಬೋರ್ಡೆಂದರೆ ಎಲ್ಲ ಬಟನ್ನುಗಳ ಒಂದು ಕಾಲು ಒಂದೇ ಗ್ರೌಂಡಿಗೆ ಸೇರಿರುವುದು. ಆಗ ಗ್ರೌಂಡಿಗೆ ಬೋರ್ಡಿನ ಮೇಲೆ ಒಂದೇ ಬೆಸುಗೆ ಸಾಕು. ಅಲ್ಲಿಂದ ಹೊರಟ ಒಂದು ಕಪ್ಪು ತಂತಿ ಬಟನ್ನಿಂದ ಬಟನ್ನಿಗೆ ಹಾದು ಎಲ್ಲವನ್ನೂ ಸುತ್ತಿ ಬರುತ್ತದೆ. ಇನ್ನೊಂದು ಕಾಲಿಗೆ ಮಾತ್ರ ಪ್ರತಿಯೊಂದಕ್ಕೂ ಬೇರೆ ಬಣ್ಣ. ಕೆಲವು ಬೋರ್ಡುಗಳಲ್ಲಿ ಅಡ್ಡಸಾಲು ಉದ್ದಸಾಲುಗಳ ಜಾಲ ಇರುತ್ತದೆ, ಅಲ್ಲಿ ಈ ಸರಳತೆ ಸಿಗದು. ಪ್ಲೇಸ್ಟೇಷನ್ 2ರ ಡ್ಯುಯಲ್‌ಶಾಕ್‌ನಲ್ಲಿ ಬಟನ್ನುಗಳ ಕೆಳಗೆ ಬೋರ್ಡಿನ ಬದಲು ತೆಳು ಪ್ಲಾಸ್ಟಿಕ್ ಹಾಳೆ. ಐರನ್ ಹತ್ತಿರ ಹೋದರೆ ಮುದುಡಿಹೋಗುತ್ತದೆ. ಅದನ್ನು ಅವನು ಮುಟ್ಟುವುದಿಲ್ಲ. ಬೆಸೆದ ತಂತಿಗಳನ್ನು ಮೇಣ ಹಚ್ಚಿದ ದಾರದಿಂದ ಒಂದು ಕಟ್ಟು ಮಾಡಿ, ಬೋರ್ಡಿನಿಂದ ಹೊರಡುವ ಜಾಗಕ್ಕೆ ಬಿಸಿ ಅಂಟು ಬಿಡುತ್ತಾನೆ, ಜಗ್ಗಿದರೆ ಭಾರ ಅಂಟಿನ ಮೇಲೆ ಬೀಳಲಿ, ಆ 35 ಮೈಕ್ರೊಮೀಟರಿನ ಮೇಲೆ ಬೇಡ ಎಂದು. ಎಲ್ಲ ಮೂಲೆಗಳೂ ಒಂದೇ ಸುತ್ತಳತೆಯಲ್ಲಿ ತಿರುಗಿರುತ್ತವೆ. ಅದಕ್ಕೆ ಉಪಯೋಗವಿಲ್ಲ, ಅವನಿಗೆ ಹಾಗೆ ಇರಬೇಕು, ನನಗೂ.

ತಂತಿಯ ಆ ತುದಿಯಲ್ಲಿ ಸ್ವಿಚ್ಚು. ಹಿಡಿಕೆಯ ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಮೈಕ್ರೊಸ್ವಿಚ್ಚು ಕೂತಿರುತ್ತವೆ. ಒಳಗೆ ಒಂದು ಬಾಗಿದ ಲೋಹದ ಪಟ್ಟಿ. ಒತ್ತುತ್ತ ಹೋದಂತೆ ಅದು ತಡೆದುಕೊಂಡು, ಒಂದು ಬಿಂದುವಿನಲ್ಲಿ ಒಮ್ಮೆಲೇ ಆಚೆ ಜಿಗಿಯುತ್ತದೆ. ನೀವು ಎಷ್ಟೇ ನಿಧಾನ ಒತ್ತಿದರೂ ಅದು ಜಿಗಿಯುವ ವೇಗ ಒಂದೇ. 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಉಪಾಯ ಇವತ್ತು ಕಂಪ್ಯೂಟರಿನ ಮೌಸ್‌ನಲ್ಲೂ ಇದೆ. ಜಪಾನಿನ ಸಾನ್ವಾ ಕಂಪನಿಯ ಹಿಡಿಕೆಯ ಕೆಳಗೆ ಒಂದು ಚೌಕ ಚೌಕಟ್ಟು ಇರುತ್ತದೆ. ಹಿಡಿಕೆ ಮೂಲೆಗೆ ಹೋಗಿ ಕೂತಾಗ ಎರಡು ಸ್ವಿಚ್ಚು ಒಟ್ಟಿಗೆ ಒತ್ತಿ ಓರೆ ದಿಕ್ಕು ಸಿಗುತ್ತದೆ, ಕೈಗೆ ಆ ಮೂಲೆ ತಿಳಿಯುತ್ತದೆ. ತಲೆಯ ಮೇಲೆ 35 ಮಿಲಿಮೀಟರಿನ ಗುಂಡು, ಬಟನ್ನುಗಳ ತೂತು 30 ಮಿಲಿಮೀಟರು. ಗುಂಡನ್ನು ಬೆರಳ ಸಂದಿಯಲ್ಲಿ ಕೆಳಗಿನಿಂದ ಹಿಡಿಯುವವರಿದ್ದಾರೆ, ಮೇಲಿನಿಂದ ಮುಷ್ಟಿ ಕಟ್ಟುವವರಿದ್ದಾರೆ. ನನಗೆ ಮುಷ್ಟಿಯೇ ಒಗ್ಗುವುದು.

ಇಂಥ ಹಿಡಿಕೆ ಹಿಡಿದು ಆಡುವ ಹೊಡೆದಾಟದ ಆಟಗಳಲ್ಲಿ ಚಿತ್ರ ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತದೆ, ಒಂದೊಂದಕ್ಕೆ ಸುಮಾರು 17 ಮಿಲಿಸೆಕೆಂಡು. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಎವೊ ಎಂಬ ಗೇಮ್ ಪಂದ್ಯಾವಳಿಯಲ್ಲಿ ಜಪಾನಿನ ಡೈಗೊ ಉಮೆಹಾರಾ, ಇನ್ನೊಂದೇ ಪೆಟ್ಟಿಗೆ ಸೋಲುವ ಸ್ಥಿತಿಯಲ್ಲಿ, ಜಸ್ಟಿನ್ ವಾಂಗ್ ಬಿಟ್ಟ ಹದಿನೈದು ಪೆಟ್ಟುಗಳ ಸರಣಿಯನ್ನು ಒಂದೊಂದಾಗಿ ತಡೆದು ತಿರುಗಿ ಗೆದ್ದ. ತಡೆಯಬೇಕಾದರೆ ಪೆಟ್ಟು ತಾಗುವ ಕ್ಷಣಕ್ಕೆ ಸರಿಯಾಗಿ ಹಿಡಿಕೆಯನ್ನು ಎದುರಾಳಿಯ ಕಡೆ ತಟ್ಟಬೇಕು. ಕೆಲವೇ ಚಿತ್ರಗಳಷ್ಟು ಅವಕಾಶ. ಆ ದೃಶ್ಯವನ್ನು ಹುಡುಗ ಎಷ್ಟು ಸಲ ನೋಡಿದ್ದಾನೋ. ನಾನು ನೋಡಿದಾಗ ಕಣ್ಣು ಹೋದದ್ದು ಬೇರೆ ಕಡೆ. ಅಷ್ಟು ವೇಗದ ಬೆರಳಿಗೂ ಪರದೆಗೂ ನಡುವೆ ಕೂತ ಪ್ರತಿಯೊಂದು ಬೆಸುಗೆಯೂ ಒಮ್ಮೆಯೂ ತಪ್ಪದೆ ಸುದ್ದಿ ಮುಟ್ಟಿಸಿತಲ್ಲ ಎಂದು.

ಈಗ ಕಂಟ್ರೋಲರ್ ಕೆರೆಯುವ ಅಗತ್ಯವೇ ಇಲ್ಲ ಎನ್ನುವವರಿದ್ದಾರೆ, ಅವರ ಮಾತು ಸರಿಯೂ ಹೌದು. 2021ರ ಜನವರಿಯಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಎಂಬ ನಾಲ್ಕು ಡಾಲರಿನ ಬೋರ್ಡಿಗೆ ಜಿಪಿ2040-ಸಿಇ ಎಂಬ ಉಚಿತ ತಂತ್ರಾಂಶ ತುಂಬಿದರೆ, ಒಂದು ಮಿಲಿಸೆಕೆಂಡಿಗೂ ಕಡಿಮೆ ತಡದ ಕಂಟ್ರೋಲರ್ ಸಿದ್ಧ. ಸಾಲಾಗಿ ತೂತುಗಳು, ಅಂಚಿಗೆ ಚಿನ್ನದ ಬಣ್ಣ, ಬೆಸೆಯಲು ಸಲೀಸು. ಅವನೂ ಅದನ್ನು ಬಳಸುತ್ತಾನೆ. ಆದರೆ ನನ್ನ ಮನಸ್ಸು ಇರುವುದು ಗುಜರಿಗೆ ಹೋಗಬೇಕಾಗಿದ್ದ ಕಂದು ಬೋರ್ಡಿನ ಕಡೆ. ಯಾರೋ ಬೇರೆ ಉದ್ದೇಶಕ್ಕೆ ಎಳೆದ ದಾರಿಗಳನ್ನು ಮೀಟರಿನ ಬೀಪ್ ಕೇಳುತ್ತ ಒಂದೊಂದಾಗಿ ಗುರುತಿಸಿ, ಎಲ್ಲಿ ಕೆರೆಯಬೇಕು ಎಂದು ಹುಡುಕುವುದರಲ್ಲಿ ಓದುವ ಸುಖವಿದೆ.

ಈಗ ಕಟ್ಟುತ್ತಿರುವ ಪೆಟ್ಟಿಗೆಗೆ ಹಳೆಯ ಬಾಗಿಲಿನ ಸಾಗವಾನಿ ಹಲಗೆ. ಮಣಿಕಟ್ಟು ಊರುವ ಅಂಚಿಗೆ ಅಥಣಿಯ ಚಪ್ಪಲಿ ಮಾಡುವವರಿಂದ ತಂದ ಚರ್ಮ ಹೊಲಿಸಿದ್ದಾನೆ, ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಮಾಡಿದ್ದು, ಬೆವರು ಕುಡಿದಷ್ಟೂ ಬಣ್ಣ ಏರುವಂಥದ್ದು. ತಳಕ್ಕೆ ಪಾರದರ್ಶಕ ಅಕ್ರಿಲಿಕ್ ಹಾಳೆ ಹಾಕು, ಬೆಸುಗೆ ಎಲ್ಲರಿಗೂ ಕಾಣಲಿ ಎಂದು ನಾನು ಹಟ ಹಿಡಿದೆ. ಅವನು ಒಪ್ಪಲಿಲ್ಲ. ತೆಳು ಹಾಳೆ ಹಗುರ, ಜೋರಾಗಿ ಆಡುವಾಗ ಪೆಟ್ಟಿಗೆ ಮೊಣಕಾಲ ಮೇಲಿಂದ ಜಾರುತ್ತದೆ, ತಳಕ್ಕೆ ಭಾರ ಬೇಕೇ ಬೇಕು ಎಂದು ಅವನ ವಾದ. ಭಾರದ ಮಾತು ನಿಜ, ಸೋತೆ. “ನೋಡಬೇಕಂದ್ರ ನಾಕ ತಿರುಪ ಬಿಚ್ಚರಿ ಕಾಕಾ” ಎಂದು ತಿರುಪುಳಿಯನ್ನು ನನ್ನ ಕೈಗೇ ಕೊಟ್ಟ.